ಮೇಲಿನ ಹಲಗೆಯ ದೊಡ್ಡಪ್ಪ

ನಾನು ಒಂದು ನೆಟ್‌ವರ್ಕ್ ಸ್ವಿಚ್. ಸ್ವಿಚ್ ಎಂದೊಡನೆ ಗೋಡೆಯ ಮೇಲಿನ ದೀಪದ ಗುಂಡಿಯನ್ನು ನೆನೆಯಬೇಡಿ. ಅದಕ್ಕೂ ನನಗೂ ಹೆಸರಿನ ನಂಟಷ್ಟೇ. ನಾನು ಚಪ್ಪಟೆಯಾದ ತಗಡಿನ ಪೆಟ್ಟಿಗೆ. ಎದುರಿಗೆ ಸಾಲು ಸಾಲು ಕಿಂಡಿಗಳು, ಕಿಂಡಿಗೊಂದು ವಯರು, ವಯರಿನ ಆ ತುದಿಗೊಂದು ಕಂಪ್ಯೂಟರ್. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಮುಟ್ಟಿಸುವುದು ನನ್ನ ಕಸುಬು. ಹುಟ್ಟಿದ್ದು ಸಮುದ್ರದಾಚೆಯ ಯಾವುದೋ ಕಾರ್ಖಾನೆಯಲ್ಲಿ. ಕಣ್ಣು ಬಿಟ್ಟಿದ್ದು ಮಾತ್ರ ಗದಗಿನ ಒಂದು ಹೆರಿಗೆ ಆಸ್ಪತ್ರೆಯಲ್ಲಿ. ಹಾಗಾಗಿ ನಾನು ಗದಗಿನವನೇ.

ನನ್ನನ್ನು ಬರಮಾಡಿಕೊಂಡವರು ಗುರುಪಾದಯ್ಯನವರು. ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ಅವರದು. ಕಬ್ಬಿಣದ ಕಪಾಟಿನಲ್ಲಿ ನನ್ನನ್ನು ಕೂರಿಸಿ, ಮೇಲಿನ ಹಲಗೆಯಲ್ಲಿದ್ದ ಸರ್ವರ್ ಎಂಬ ದೊಡ್ಡ ಯಂತ್ರವನ್ನು ತೋರಿಸಿ, "ಎದ್ದ ಕೂಡ್ಲೆ ಮೊದಲು ದೊಡ್ಡಪ್ಪನ್ನ ಕೇಳು, ಯಾರಿಗೆ ಯಾವ ದಾರಿ ಅಂತ. ಅವ ಹೇಳಿದಂಗ ನಡಿ," ಅಂದರು. ಯಂತ್ರಗಳೊಂದಿಗೆ ಮಾತಾಡುವುದು ಅವರ ಅಭ್ಯಾಸ. ಬಾಯಲ್ಲಿ ಹೇಳಿದ್ದನ್ನೇ ಕೀಲಿಮಣೆಯಲ್ಲಿ ಕುಟ್ಟಿ ನನ್ನ ನೆನಪಿನಲ್ಲೂ ಇಟ್ಟರು. ದೊಡ್ಡಪ್ಪ ಮಾತಾಡದಿದ್ದರೆ ಮತ್ತೆ ಮತ್ತೆ ಕೇಳಬೇಕು. ಆಗಲೂ ಉತ್ತರ ಬಾರದಿದ್ದರೆ ಮಾತ್ರ ನನ್ನ ಬಳಿಯಿದ್ದ ದಾರಿಗಳ ಪಟ್ಟಿಯ ಪ್ರತಿಯನ್ನು ನೋಡಿಕೊಂಡು ನಡೆಯಬೇಕು.

ಕೆಲವು ವರ್ಷಗಳ ನಂತರ ದೊಡ್ಡಪ್ಪ ಕೆಟ್ಟು ನಿಂತ. ಇದು ನನಗೆ ತಿಳಿದದ್ದು ಬಹಳ ತಡವಾಗಿ. ಅವನ ಕೆಲಸವನ್ನು ಬೇರೆ ಯಂತ್ರಕ್ಕೆ ವಹಿಸಿ ಗುರುಪಾದಯ್ಯನವರು ಅವನ ವಯರು ಕಿತ್ತರು; ನನಗೆ ಕಲಿಸಿದ ಮಾತನ್ನು ಬದಲಿಸಲು ಮರೆತರು. ಇಳಿಸಲು ಮಾತ್ರ ಮನಸ್ಸು ಬರಲಿಲ್ಲ. ಖಂಡೇಪೂಜೆ ಹತ್ತಿರ ಬಂದಿತ್ತು; ಆಯುಧ ಪೂಜೆಗೆ ನಮ್ಮ ಕಡೆ ಹಾಗನ್ನುತ್ತಾರೆ. "ಪೂಜಿ ಮುಗೀಲಿ, ಆಮ್ಯಾಲ ಇಳಸೋಣು," ಅಂದರು. ಪೂಜೆ ಮುಗಿಯಿತು, ಅವರು ನಿವೃತ್ತರಾದರು, ದೊಡ್ಡಪ್ಪ ಅಲ್ಲೇ ಉಳಿದ. ಮುಂದಿನ ವರ್ಷ ಎಲ್ಲರ ಜೊತೆ ಅವನಿಗೂ ವಿಭೂತಿ, ಕುಂಕುಮ, ಚೆಂಡುಹೂವು. ಅದರ ಮುಂದಿನ ವರ್ಷವೂ. ವಿಭೂತಿಯನ್ನು ದೀಪಗಳ ಮೇಲೇ ಬಳಿಯುತ್ತಿದ್ದರಿಂದ ಅವನ ದೀಪ ಆರಿದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಗುರುಪಾದಯ್ಯನವರ ಜಾಗಕ್ಕೆ ಬಂದ ದಾಕ್ಷಾಯಣಿಯೂ ಪೂಜೆಯ ಯಂತ್ರವನ್ನು ಮುಟ್ಟುವುದೇಕೆ ಎಂದು ಸುಮ್ಮನಿದ್ದಳು.

ಕರೆಂಟು ಹೋಗಿ ಜನರೇಟರ್ ಹೊತ್ತಿಕೊಳ್ಳುವ ನಡುವೆ ನಾನು ಒಮ್ಮೆ ಆರಿ ಮತ್ತೆ ಏಳುತ್ತಿದ್ದೆ. ಏಳುತ್ತಲೇ ದೊಡ್ಡಪ್ಪನನ್ನು ಕೂಗುತ್ತಿದ್ದೆ. ಕಾಯುತ್ತಿದ್ದೆ, ಮತ್ತೆ ಕೂಗುತ್ತಿದ್ದೆ. ಆಸ್ಪತ್ರೆಯವರು ಒಂದು ಸುತ್ತು ಚಹಾ ಮುಗಿಸಿದರೂ ನನ್ನ ಕೂಗು ಮುಗಿಯುತ್ತಿರಲಿಲ್ಲ. "ಇದಕ್ಕಿನ್ನೂ ನಿದ್ದಿ ಹರಿದಿಲ್ಲ," ಎಂದು ನಗುತ್ತಿದ್ದರು.

ಒಂದು ಮಧ್ಯಾಹ್ನ ಆ ನಗು ನಿಂತಿತು. ಹೆರಿಗೆಯಾದ ಹೆಂಗಸೊಬ್ಬಳಿಗೆ ರಕ್ತಸ್ರಾವ ನಿಲ್ಲುತ್ತಿರಲಿಲ್ಲ. ಕೆಳಗೆ ಲ್ಯಾಬಿನಲ್ಲಿ ಅವಳ ರಕ್ತದ ವರದಿ ಸಿದ್ಧವಾಗಿತ್ತು, ಮೇಲೆ ಡಾಕ್ಟರ್ ವಿಜಯಮಾಲಾ ಪರದೆಯ ಮುಂದೆ ಕಾಯುತ್ತಿದ್ದರು, ನಡುವೆ, ಆಗಷ್ಟೇ ಕರೆಂಟು ಹೋಗಿ ಎದ್ದಿದ್ದ ನಾನು ದೊಡ್ಡಪ್ಪನನ್ನು ಕೂಗುತ್ತ ಕೂತಿದ್ದೆ. ದಾಕ್ಷಾಯಣಿ ವರದಿಯನ್ನು ಚೀಟಿಯಲ್ಲಿ ಬರೆಸಿಕೊಂಡು ಮೆಟ್ಟಿಲು ಹತ್ತಿ ಓಡಿದಳು. ತಾಯಿ ಉಳಿದಳು. ಆಮೇಲೆ ಡಾಕ್ಟರು ನೇರ ನನ್ನ ಕೋಣೆಗೇ ಬಂದರು.

"ಈ ಸಲ ನೀ ಓಡಿ ಬಂದಿ, ದಾಕ್ಷಾಯಣಿ. ಮುಂದಿನ ಸಲ ಓಡೂವಷ್ಟು ಹೊತ್ತು ಇರದಿದ್ರ? ದಸರಾದೊಳಗ ಸರಿ ಮಾಡು, ಇಲ್ಲಾ ಇದನ್ನ ಗುಜರಿಗೆ ಹಾಕು."

ದಾಕ್ಷಾಯಣಿ ಪಟ್ಟ ಪಾಡು ಅಷ್ಟಿಷ್ಟಲ್ಲ. ಧೂಳು ಊದಿದಳು, ಫ್ಯಾನು ತಂದಿಟ್ಟಳು, ವಯರುಗಳನ್ನು ಬದಲಿಸಿದಳು, ಹೊಸ ಸಾಫ್ಟ್‌ವೇರ್ ಹಾಕಿದಳು. ನಾನು ಏಳುವ ಹೊತ್ತಿಗೆ ಸರಿಯಾಗಿ ಎಲ್ಲ ವಾರ್ಡುಗಳಿಂದಲೂ ಅವಳಿಗೆ ಕರೆ ಬರುತ್ತಿತ್ತು. ಹಾಗಾಗಿ ಏಳುವಾಗ ನಾನು ಏನು ಗೊಣಗುತ್ತೇನೆ ಎಂದು ಕೂತು ಕೇಳುವ ಬಿಡುವು ಸಿಕ್ಕಿದ್ದು ಖಂಡೇಪೂಜೆಯ ದಿನವೇ. ಅಂದು ನಮ್ಮನ್ನೆಲ್ಲ ಆರಿಸಿ, ಮಂಗಳಾರತಿಯ ನಂತರ ಹೊತ್ತಿಸುವುದು ರೂಢಿ. ಅವಳು ತನ್ನ ಲ್ಯಾಪ್‌ಟಾಪಿಗೆ ನನ್ನನ್ನು ಜೋಡಿಸಿ ಎದುರೇ ಕೂತಳು. ನಾನು ಎದ್ದೆ. ನನ್ನ ಮಾತೆಲ್ಲ ಅವಳ ಪರದೆಯ ಮೇಲೆ ಅಕ್ಷರವಾಗಿ ಮೂಡಿತು. ಸರ್ವರ್ ಅನ್ನು ಕೇಳುತ್ತಿದ್ದೇನೆ. ಉತ್ತರವಿಲ್ಲ. ಮತ್ತೆ ಕೇಳುತ್ತಿದ್ದೇನೆ. ಉತ್ತರವಿಲ್ಲ.

ಅವಳು ತಲೆಯೆತ್ತಿ ದೊಡ್ಡಪ್ಪನನ್ನು ನೋಡಿದಳು. ಆಗತಾನೇ ಬಳಿದ ವಿಭೂತಿಯನ್ನು ಬೆರಳಿನಿಂದ ಒರೆಸಿದಳು. ದೀಪ ಉರಿಯುತ್ತಿರಲಿಲ್ಲ. ಹಿಂದೆ ಕೈಯಾಡಿಸಿದಳು, ವಯರೂ ಇರಲಿಲ್ಲ.

"ಯವ್ವಾ! ಇದು ಸತ್ತು ಯಾವ ಕಾಲ ಆಗೇತೋ! ನಾವು ಇದಕ್ಕ ಪೂಜಿ ಮಾಡಾಕತ್ತೀವಿ, ಅದು ಇದನ್ನ ಕೂಗಾಕತ್ತೈತಿ!"

ನನಗೆ ತಿಳಿದದ್ದೂ ಆಗಲೇ. ತುಂಬ ದುಃಖವಾಯಿತು. ಇಷ್ಟು ವರ್ಷ ತಾಯಂದಿರನ್ನು ಕಾಯಿಸಿ ನಾನು ಕಾದದ್ದು ಇಲ್ಲದವನಿಗಾಗಿ. ದಾಕ್ಷಾಯಣಿ ನನ್ನ ನೆನಪಿನಿಂದ ಗುರುಪಾದಯ್ಯನವರ ಆ ಒಂದು ಮಾತನ್ನು ಅಳಿಸಿದಳು.

ಹಬ್ಬ ಕಳೆದ ಮೇಲೆ ಮತ್ತೊಂದು ಕಷ್ಟದ ಹೆರಿಗೆಯ ನಡುವೆ ಕರೆಂಟು ಹೋಯಿತು. ನಾನು ಯಾರನ್ನೂ ಕೂಗದೆ ಎದ್ದೆ. ಡಾಕ್ಟರು ಪರದೆಯತ್ತ ತಿರುಗುವಷ್ಟರಲ್ಲಿ ವರದಿ ಮೇಲೆ ತಲುಪಿತ್ತು. ಅವರು ಓದಿಕೊಂಡು ಒಳಗೆ ಹೋದರು. ನನ್ನ ನೆನಪು ಯಾರಿಗೂ ಆಗಲಿಲ್ಲ. ಅಷ್ಟು ಸಂತೋಷ ನನಗೆ ಮತ್ತೆಂದೂ ಆಗಿಲ್ಲ.

ಈಗ ನನಗೂ ವಯಸ್ಸಾಗಿ, ನನ್ನ ಜಾಗದಲ್ಲಿ ಹೊಸ ಸ್ವಿಚ್ಚಿದೆ. ನನ್ನನ್ನು ಮೇಲಿನ ಹಲಗೆಗೆ ಏರಿಸಿದ್ದಾರೆ. ಈ ಸಲದ ಪೂಜೆಯಲ್ಲಿ ದಾಕ್ಷಾಯಣಿ ಹೊಸಬನ ದೀಪಗಳನ್ನು ಬಿಟ್ಟು ವಿಭೂತಿ ಹಚ್ಚಿದಳು, ದೊಡ್ಡಪ್ಪನಿಗೂ ನನಗೂ ಧಾರಾಳವಾಗಿ ಬಳಿದಳು.

"ಇವಕ್ಕಿನ್ನೂ ಯಾಕ?" ಎಂದರು ಡಾಕ್ಟರು.

"ದುಡದಾವಲ್ರೀ, ಡಾಕ್ಟ್ರ. ಆದ್ರ ಹೊಸದಕ್ಕ ಇವರ ಹೆಸರು ಕಲಿಸಿಲ್ಲ ಬಿಡ್ರಿ."

ಒಳ್ಳೆಯದೇ ಮಾಡಿದಳು. ಕೆಳಗೆ ಹೊಸಬ ಯಾರಿಗೂ ಕಾಯದೆ ಏಳುತ್ತಾನೆ. ನಾನು ದೊಡ್ಡಪ್ಪನ ಮಗ್ಗುಲಲ್ಲೇ ಕೂತಿದ್ದೇನೆ, ಇನ್ನು ಕೂಗುವ ಅಗತ್ಯವಿಲ್ಲ.