ಉಪೇಕ್ಷೆಗೆ ತೆಲುಗಿನಲ್ಲಿ

ಗಂಗೋತ್ರಿ ಅಕ್ಕನ ಅರ್ಜಿಯಲ್ಲಿ ವಕೀಲರು ಎರಡು ಇಂಗ್ಲಿಷ್ ಮಾತುಗಳ ಕೆಳಗೆ ಗೆರೆ ಎಳೆದಿದ್ದರು. ನೆಗ್ಲೆಕ್ಟ್. ರೆಫ್ಯೂಸ್.

"ಜೀವನಾಂಶ ಬೇಕಂದ್ರ ಎರಡರಾಗ ಒಂದನ್ನ ತೋರಿಸಬೇಕು," ಎಂದರು. "ಗಂಡ ನಿನ್ನ ಬ್ಯಾಡ ಅಂದಾನೇನಮ್ಮ?"

"ಅಂದಿಲ್ರಿ," ಎಂದಳು ಅಕ್ಕ. "ಏನೂ ಅಂದಿಲ್ರಿ."

"ಹಂಗಾರ ರೆಫ್ಯೂಸ್ ಬರಾಂಗಿಲ್ಲ. ನೆಗ್ಲೆಕ್ಟ್ ಹಿಡಕೊಂಡು ಹೋಗೋಣು. ಆದ್ರ ಒಂದು ನೆನಪಿಡು. ಆತ ಕರದಾಗ ನೀನು ಬರಾಂಗಿಲ್ಲ ಅಂದ್ಯೋ, ರೆಫ್ಯೂಸ್ ಮಾಡಿದಾಕಿ ನೀನಾಗ್ತಿ."

ಅಕ್ಕನನ್ನು ಕೊಟ್ಟದ್ದು ಎಮ್ಮಿಗನೂರಿನ ಹತ್ತಿ ವ್ಯಾಪಾರದ ಮನೆಗೆ. ರುದ್ರೇಶ ಭಾವ ಹೊಡೆದವರಲ್ಲ, ಬೈದವರಲ್ಲ. ಮಾತಾಡಿದವರೂ ಅಲ್ಲ. ಬೈದಾದರೂ ಬೈಯಲಿ ಎಂದು ಅಕ್ಕ ಒಂದು ವಾರ ಬೇಕಂತಲೇ ಸಾರಿಗೆ ಉಪ್ಪು ಹಾಕಲಿಲ್ಲ. ಅವರು ಉಂಡು, ಕೈ ತೊಳೆದು, ಅಂಗಡಿಗೆ ಹೋದರಂತೆ. ಟೈಫಾಯ್ಡ್ ಬಂದು ಮಲಗಿದ್ದಾಗ ಅವಳ ಹಾಸಿಗೆ ದಾಟಿಕೊಂಡು ಹೋಗಿ ಬೀರುವಿನಿಂದ ಅಂಗಿ ತೆಗೆದುಕೊಂಡರಂತೆ. ಯುಗಾದಿಗೆಂದು ಆದೋನಿಯ ನಮ್ಮ ಮನೆಗೆ ಬಂದವಳನ್ನು ಕರೆಯಲು ಯಾರೂ ಬರಲಿಲ್ಲ. ಬರಬೇಡ ಎಂದೂ ಯಾರೂ ಹೇಳಲಿಲ್ಲ. ದೀಪಾವಳಿಯೂ ಮುಗಿಯಿತು.

"ಆ ಮನಿಗೆ ಮತ್ತ ಹೋಗಾಂಗಿಲ್ಲ ವಿಜಿ," ಎಂದಿದ್ದಳು ನನಗೆ. "ಅಲ್ಲಿದ್ರ ನಾನು ಅದೀನೋ ಇಲ್ಲೋ ನನಗ ತಿಳಿಯಾಂಗಿಲ್ಲ."

ಅವ್ವನಿಗೆ ಬೇರೆ ಭಯ. "ಬ್ಯಾಡ ಅನ್ನೋ ಮಾತು ನಮ್ಮ ಕಡಿಯಿಂದ ಬರಬಾರದು. ವಿಜಿ ಮದಿವಿ ಇನ್ನಾ ಆಗಬೇಕು."

ಕೋರ್ಟಿನವರು ಸಂಧಾನಕ್ಕೆ ಕರೆದ ದಿನ ಅವ್ವ ಬರಲಿಲ್ಲ. ಆಂಧ್ರದ ಕೋರ್ಟು, ಮಾತೆಲ್ಲ ತೆಲುಗಿನಲ್ಲಿ. ಇಂಗ್ಲಿಷ್ ಓದಿದವಳೆಂದು ನಾನು ಹೋದೆ. ಆಟೋದಲ್ಲಿ ಅಕ್ಕ ಕೇಳಿದಳು. "ನೆಗ್ಲೆಕ್ಟ್ ಅಂದ್ರ ಏನಂತ ಹೇಳಲಿ?"

"ಉಪೇಕ್ಷೆ."

"ತೆಲುಗಿನ್ಯಾಗ?"

"ಅದೇ. ಪುಸ್ತಕದ ಮಾತು ಎರಡೂ ಕಡೆ ಒಂದೇ ಇರ್ತಾವು."

ಇಬ್ಬರೂ ಕನ್ನಡ ಶಾಲೆಯಲ್ಲಿ ಓದಿದವರು. ನಮ್ಮ ತೆಲುಗು ಬಜಾರಿನಲ್ಲಿ ಕಲಿತದ್ದು, ಬದನೆಕಾಯಿಗೂ ಬಳೆಗೂ ಸಾಕಾಗುವಷ್ಟು. ದಾರಿಯುದ್ದಕ್ಕೂ ಅಕ್ಕ ತುಟಿ ಅಲುಗಿಸುತ್ತ ಮಾತನ್ನು ಬಾಯಿಪಾಠ ಮಾಡಿಕೊಂಡಳು.

ಸಂಧಾನದ ಮೇಡಂ ತೆಲುಗಿನವರು, ಸಮಾಧಾನದ ಹೆಂಗಸು. ಭಾವ ಅವರಿಗೆ ಕೈ ಮುಗಿದು ಕರೆದುಕೊಂಡು ಹೋಗಲು ಸಿದ್ಧ ಎಂದರು. ಅಕ್ಕನ ಕಡೆ ತಿರುಗಲಿಲ್ಲ.

"ಅಕ್ಸೆಪ್ಟ್ ಮಾಡ್ತೀನಿ ಅಂತಿದಾರಲ್ಲಮ್ಮಾ," ಎಂದು ಮೇಡಂ ತೆಲುಗಿನಲ್ಲಿ ಕೇಳಿದರು. "ನಿನ್ನ ದೂರೇನು?"

ಅಕ್ಕ ಎದ್ದು ನಿಂತಳು. "ನನ್ನು ಉಪೇಕ್ಷಿಂಚಾರು, ಮೇಡಂ."

ಮೇಡಂ ನಕ್ಕುಬಿಟ್ಟರು. "ಮಂಚಿದೇ ಕದಮ್ಮಾ."

ಒಳ್ಳೆಯದೇ ಅಲ್ಲವೇ ಅಂದರು. ನನಗೆ ತಿಳಿಯಲಿಲ್ಲ. ಪಕ್ಕದಲ್ಲಿದ್ದ ಗುಮಾಸ್ತೆ ತಗ್ಗಿದ ದನಿಯಲ್ಲಿ ಹೇಳಿದಳು, "ತೆಲುಗಿನ್ಯಾಗ ಹಂಗಂದ್ರ ತಪ್ಪು ಮಾಡಿದ್ರೂ ಹೋಗ್ಲಿ ಅಂತ ಸಹಿಸಿಕೊಂಡ್ರು ಅಂತ."

ನಾನು ಎದ್ದೆ. ನಾಲ್ಕು ಜನರ ಮುಂದೆ ಬಾಯಿ ಬಿಟ್ಟವಳಲ್ಲ. ಕನ್ನಡದಲ್ಲಿ ಅದರ ಅರ್ಥ ಬೇರೆ ಎಂದೆ. ಎದುರಿಗಿದ್ದವರನ್ನು ಕಾಣದ ಹಾಗೆ ಇರುವುದು ಎಂದೆ. ಉಪ್ಪಿನ ಸಂಗತಿಯನ್ನೂ ಹೇಳಿಬಿಟ್ಟೆ.

ಮೇಡಂ ಭಾವನ ಕಡೆ ನೋಡಿದರು. "ಒಂದು ವಾರ ಉಪ್ಪಿಲ್ಲದ ಸಾರು ಉಂಡ್ರಾ?"

"ಉಂಡೀನ್ರಿ."

"ಒಂದು ಮಾತೂ ಅನ್ನಲಿಲ್ಲ?"

"ಇಲ್ರಿ. ಯಾಕ ಅನ್ನಬೇಕು?"

"ನೋಡಮ್ಮಾ," ಎಂದು ಮೇಡಂ ನನಗೆ ಹೇಳಿದರು. "ನಮ್ಮನಿಯವ್ರಾಗಿದ್ರೆ ತಾಟು ಅಂಗಳಕ್ಕೆ ಬೀಳ್ತಿತ್ತು. ನಿಮ್ಮಕ್ಕ ಸರಿಯಾದ ಮಾತೇ ಹೇಳಿದಾಳೆ."

ನೆಗ್ಲೆಕ್ಟ್ ಎಂದೆ. ಅದಕ್ಕೆ ತೆಲುಗಿನಲ್ಲಿ ನಿರ್ಲಕ್ಷ್ಯಂ ಅಂತಾರೆ, ಕೆಲಸಕ್ಕೆ ಹೊತ್ತಿಗೆ ಬಾರದವರಿಗೆ ಅನ್ನೋ ಮಾತದು, ಇವರು ದಿನಾ ಮನೆಗೆ ಬಂದಾರಲ್ಲ ಎಂದರು ಮೇಡಂ. ಊಟ, ಬಟ್ಟೆ, ಆಸ್ಪತ್ರೆ ಖರ್ಚು ಕೊಟ್ಟಿದ್ದಾರೆಯೇ ಎಂದು ಒಂದೊಂದನ್ನೇ ಕೇಳಿದರು. ಎಲ್ಲಕ್ಕೂ ಅಕ್ಕ ಹೂಂ ಎಂದಳು. ಸುಳ್ಳು ಹೇಳುವುದು ಅವಳಿಗೆ ಬರುವುದಿಲ್ಲ.

"ಈಗ ನೀನು ಹೇಳು. ಹೋಗ್ತೀಯೋ, ರೆಫ್ಯೂಸ್ ಮಾಡ್ತೀಯೋ?"

ಅಕ್ಕ ನನ್ನನ್ನು ನೋಡಿದಳು. ಹೋಗಬೇಡ ಎಂದು ನಾನು ತಲೆ ಅಲ್ಲಾಡಿಸಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ನನ್ನ ಮದುವೆ ಅಲ್ಲಿ ಎಲ್ಲೋ ಬರೆದಿದೆ ಎಂಬ ಹಾಗೆ. "ಹೋಗ್ತೀನ್ರಿ," ಎಂದಳು.

ಹೊರಗೆ ಬೇವಿನ ಮರದ ಕೆಳಗೆ ಭಾವನ ಕಾರು ನಿಂತಿತ್ತು. ಅಕ್ಕ ನನ್ನ ಎಡಕ್ಕೆ ನಿಂತಿದ್ದಳು. ಭಾವ ಬಾಗಿಲು ತೆಗೆದು, ನನ್ನನ್ನು ನೋಡಿ, ಮೆಲ್ಲಗೆ ಕೇಳಿದರು.

"ಆಕಿ ಬ್ಯಾಗ್ ಎಲ್ಲೈತಂತ ಕೇಳು."

ನಾನು ಕೇಳುವ ಮೊದಲೇ ಅಕ್ಕ ನನ್ನ ಕಡೆ ತಿರುಗಿದಳು.

"ಮನಿಯಾಗ ಐತಂತ ಹೇಳು," ಎಂದಳು.

ಮನೆಯಲ್ಲಿದೆ ಎಂದು ಹೇಳಿದೆ.