ಮೇಜಿನ ಮೇಲಿನ ಹೆಸರು

ಗೋಡೆಗೆ ಒರಗಿಸಿ ಕೂರಿಸಿದ್ದ ಮಗನ ತಲೆ ಮತ್ತೆ ಎಡಕ್ಕೆ ವಾಲಿತು. ವೃಷಭೇಂದ್ರಪ್ಪ ಅದನ್ನು ನೆಟ್ಟಗೆ ಮಾಡಿ, ಹಣೆಯ ವಿಭೂತಿ ಅಳಿಸದಂತೆ ತಲೆಗೆ ಸುತ್ತಿದ್ದ ಬಿಳಿ ಬಟ್ಟೆಯನ್ನು ಗೋಡೆಯ ಮೊಳೆಗೆ ಬಿಗಿದ.

"ಆತುರ ಬ್ಯಾಡ. ಕಾಲೇಜಿನೋರು ಬರ್ಲಿ."

ಮುಳ್ಳೂರಿನ ಆ ಮನೆಯ ಮುಂದೆ ಹೆಣ ಹೊರಲು ಹೂ ಕಟ್ಟಿದ ವಿಮಾನ ಸಿದ್ಧವಾಗಿತ್ತು. ತೋಟದಲ್ಲಿ ಗುಂಡಿ ತೋಡಿಯಾಗಿತ್ತು. ಮಗ ಬಸವಕುಮಾರ ಹಿಂದಿನ ಸಂಜೆ ಹನೂರಿನಿಂದ ಬರುವ ಬಸ್ಸಿನಲ್ಲಿ ಎದೆ ಹಿಡಿದುಕೊಂಡವನು ಕೊಳ್ಳೇಗಾಲದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದ. ಕೊಳ್ಳೇಗಾಲದಲ್ಲಿ ವಿಶ್ವವಿದ್ಯಾಲಯದ ಕೇಂದ್ರದ ಮೇಷ್ಟ್ರಾಗಿದ್ದವನಿಗೆ ಹನೂರಿನಲ್ಲೇನು ಕೆಲಸ ಎಂಬುದು ಅಪ್ಪನಿಗೆ ಇನ್ನೂ ಬಗೆಹರಿದಿರಲಿಲ್ಲ.

ದಾಯಾದಿ ಶಿವಮಲ್ಲಪ್ಪ ಕಿವಿಯ ಬಳಿ ಬಗ್ಗಿದ. "ಅಣ್ಣ, ಖಾಯಂ ನೌಕ್ರಿ ಅಲ್ವಾ. ಅನುಕಂಪದ ಮ್ಯಾಲೆ ನಿನ್ ಸೊಸೆಗೆ ಕೆಲ್ಸ ಕೊಡ್ಲೇಬೇಕು. ಅವ್ರ ಎಡ್ಡು ಮೇಷ್ಟ್ರು ಬಂದ್ರೆ ಊರೋರ್ ಮುಂದೇನೇ ಕೇಳ್ಬುಡು. ಮಣ್ಣಾದ ಮ್ಯಾಲೆ ಯಾರು ಮಾತಾಡ್ಸಾರು?"

ಸೊಸೆ ಶೃತಿ ತಲೆ ಎತ್ತಿ ಏನೋ ಹೇಳಹೊರಟವಳು ಮತ್ತೆ ಗಂಡನ ಕೈ ಹಿಡಿದುಕೊಂಡಳು.

*

ಮೂರು ವರ್ಷದ ಹಿಂದೆ ವೃಷಭೇಂದ್ರಪ್ಪ ಕೊಳ್ಳೇಗಾಲದಲ್ಲಿ ರೇಷ್ಮೆಗೂಡು ಮಾರಿ, ಮಗನ ಕಾಲೇಜು ಹೇಗಿದೆ ನೋಡೋಣವೆಂದು ಹೇಳದೆ ಕೇಳದೆ ಹೋಗಿದ್ದ. ಮಗ ಟೈ ಕಟ್ಟಿ ಕುರ್ಚಿಯಲ್ಲಿದ್ದ. ಮೇಜಿನ ಮೇಲೆ ಹೆಸರಿನ ಹಲಗೆ: ಬಸವಕುಮಾರ್ ವಿ., ಸಹಾಯಕ ಪ್ರಾಧ್ಯಾಪಕ. ಎದುರಿಗೆ ಕೋಟು ತೊಟ್ಟ ಮೂವರು. ಅಪ್ಪನನ್ನು ಕಂಡು ಮಗ ಬೆಚ್ಚಿದ. ಕೋಟಿನವರಲ್ಲೊಬ್ಬರು ಎದ್ದು ಕೈ ಮುಗಿದರು. ಕಾಫಿ ಬಂತು.

ಅಂದೇ ಊರಿಗೆಲ್ಲ ಮೈಸೂರುಪಾಕು ಹಂಚಲಾಯಿತು. ಸಂಜೆ ಮನೆಗೆ ಬಂದ ಮಗ, "ಅಪ್ಪ, ಅದು ಅಂಗಲ್ಲ..." ಎಂದು ಶುರು ಮಾಡುವಷ್ಟರಲ್ಲಿ ಶಿವಮಲ್ಲಪ್ಪ ಅವನ ಬಾಯಿಗೂ ಒಂದು ತುಂಡು ತುರುಕಿದ್ದ.

*

ವಿಭಾಗದ ಮುಖ್ಯಸ್ಥ ಶಾಂತರಾಜು ಹಾರ ಹಿಡಿದು ಬಂದರು. ವೃಷಭೇಂದ್ರಪ್ಪ ಕೈ ಮುಗಿದು ಊರಿಗೆಲ್ಲ ಕೇಳುವಂತೆ ಕೇಳಿದ. "ಸಾ, ನಮ್ ಶೃತಿ ಬಿಎ ಓದವ್ಳೆ. ಯಾವ ಆಪೀಸ್ನಲ್ಲಿ ಆಕ್ಕಂತಿರಿ?"

ಶಾಂತರಾಜು ಹಾರವನ್ನು ಕೈಯಿಂದ ಕೈಗೆ ಬದಲಿಸಿದರು. "ಅಪ್ಪಾಜಿ, ನಿಮ್ಮ ಮಗ ಅತಿಥಿ ಉಪನ್ಯಾಸಕರು. ಅವರಿಗೆ ಆ ಸವಲತ್ತಿಲ್ಲ. ನಮ್ಮಲ್ಲಿ ಎರಡು ದಿನ, ಹನೂರಲ್ಲಿ ಎರಡು ದಿನ, ಯಳಂದೂರಲ್ಲಿ ಎರಡು ದಿನ ಪಾಠ ಮಾಡ್ತಿದ್ರು."

"ಎಂಟು ವರ್ಸ ಯಾವ ಅತಿಥಿ ಸಾ ಉಳ್ಕಂತನೆ? ನೆಂಟ ಮೂರ್ ದಿನಕ್ಕೆ ಎದ್ದೋಯ್ತನೆ. ನಾನೇ ಕಣ್ಣಾರೆ ಬೋರ್ಡು ನೋಡಿವ್ನಿ."

"ಅವತ್ತು ಮಾನ್ಯತೆ ಕೊಡೋರ ತಪಾಸಣೆ ಇತ್ತು. ವಿಭಾಗದಲ್ಲಿ ತೊಂಬತ್ತು ಮಕ್ಕಳು, ಖಾಯಂ ಇರೋನು ನಾನೊಬ್ಬ. ಹದಿನೈದು ಮಕ್ಕಳಿಗೊಬ್ಬ ಮೇಷ್ಟ್ರು ಇದ್ದಾರೆ ಅಂತ ತೋರಿಸ್ಬೇಕಿತ್ತು. ಇದ್ದ ಅತಿಥಿಗಳನ್ನೇ ಖಾಯಂ ಅಂತ ಕೂರಿಸಿದ್ವಿ."

"ಅಂಗಾರೆ ಕೋಟಿನೋರು ಕೈ ಮುಗ್ದಿದ್ದು ಯಾರ್ಗೆ?"

ಶಾಂತರಾಜು ಹಾರವನ್ನು ಬಸವಕುಮಾರನ ಕೊರಳಿಗೆ ಹಾಕಿದರು.

"ಮಾವ," ಶೃತಿ ಮೆಲ್ಲಗೆ ಹೇಳಿದಳು. "ಅವ್ರು ಏಳದು ನಿಜ. ನಿಮ್ಗೆ ಏಳಕೆ ಇವ್ರಿಗೆ ಬಾಯೇ ಬರ್ನಿಲ್ಲ."

ವೃಷಭೇಂದ್ರಪ್ಪ ಮಗನನ್ನೂ ಮುಖ್ಯಸ್ಥರನ್ನೂ ಬದಲಿಸಿ ಬದಲಿಸಿ ನೋಡಿದ. ಇಬ್ಬರಲ್ಲಿ ಯಾರನ್ನು ಕೇಳಬೇಕೆಂದು ತಿಳಿಯಲಿಲ್ಲ.

ಅಷ್ಟರಲ್ಲಿ ವಿದ್ಯಾರ್ಥಿಗಳು ಟೆಂಪೊಗಳಿಂದ ಇಳಿದರು. ಅಂಗಳ ಸಾಲದೆ ಬೀದಿಯಲ್ಲೂ ನಿಂತರು. ರೂಪ ಎಂಬ ಹುಡುಗಿ ಮುಂದೆ ಬಂದು, ದುಪಟ್ಟದಲ್ಲಿ ಸುತ್ತಿದ್ದ ಹಲಗೆಯನ್ನು ತೆಗೆದು ಬಸವಕುಮಾರನ ತೊಡೆಯ ಮೇಲೆ ನಿಲ್ಲಿಸಿದಳು. "ನಮ್ಮ ಸರ್‌ದು. ಬೀರುವಿನಲ್ಲಿ ಮಡಗಿದ್ರು."

"ನೋಡಿ ಸಾ," ವೃಷಭೇಂದ್ರಪ್ಪನ ದನಿ ಏರಿತು. "ಇದೇ ಬೋರ್ಡು."

ನೀರು ಚಿಮುಕಿಸಿದ್ದ ಹಾರಗಳಿಂದ ಹನಿಗಳು ಹಲಗೆಯ ಮೇಲೆ ಇಳಿಯುತ್ತಿದ್ದವು. ಮಗನ ಹೆಸರು ಬರೆದಿದ್ದುದು ಅಂಟಿಸಿದ ಕಾಗದದ ಮೇಲೆ. ಅದರ ತುದಿ ನೆನೆದು ಎದ್ದಿತು. ಅಡಿಯಲ್ಲಿ ಮರಕ್ಕೇ ಕೊರೆದು ಬಣ್ಣ ತುಂಬಿದ ಇನ್ನೊಂದು ಹೆಸರಿತ್ತು.

"ಇದ್ಯಾರು?"

"ಹಿಂದೆ ಇದ್ದೋರು," ಎಂದರು ಶಾಂತರಾಜು. "ನಿವೃತ್ತಿ ಆಗಿ ಒಂಬತ್ತು ವರ್ಷ ಆಯ್ತು."

ಎತ್ತುವವರು ವಿಮಾನದ ಗಳುವಿಗೆ ಕೈ ಹಾಕಿ ಕಾದರು. ವೃಷಭೇಂದ್ರಪ್ಪ ಮಗನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ವಿಭೂತಿ ಮೆತ್ತಿದ ಹೆಬ್ಬೆರಳಿನಿಂದ ಆ ಕಾಗದದ ತುದಿಯನ್ನು ಅದುಮಿ ಹಿಡಿದ. ಬೆರಳು ತೆಗೆದ. ಅದು ಮತ್ತೆ ಎದ್ದಿತು.