ಕರಮಲಿಯ ಕೆನ್ನೆಯ ಮೇಲೆ ಅರೆಗಳಿಗೆ

ಹುಟ್ಟುವಾಗ ನನಗೆ ಆರು ತೋಳುಗಳಿದ್ದವು. ಊರಿನ ಮಾಳಿಗೆಗಳು ಕಾಣುವಷ್ಟು ಕೆಳಗಿಳಿಯುವ ಹೊತ್ತಿಗೆ ಉಳಿದದ್ದು ಎರಡೂವರೆ. ಹಿಮದ ಎಸಳು ಮೆಲ್ಲಗೆ ತೇಲಿಕೊಂಡು ಬರುತ್ತದೆ ಎನ್ನುವವರನ್ನು ಒಂದು ಸಲ ಅಲ್ವಂದ್ ಬೆಟ್ಟದ ಗಾಳಿಯ ಕೈಗೆ ಕೊಡಬೇಕು. ಆ ಗಾಳಿ ನಮ್ಮನ್ನು ಇಳಿಸುವುದಿಲ್ಲ, ಬಡಿಯುತ್ತದೆ. ನನ್ನ ಜೊತೆ ಹುಟ್ಟಿದವರಲ್ಲಿ ಅರ್ಧ ಜನ ಬಂಡೆಗೆ ಅಪ್ಪಳಿಸಿ ಪುಡಿಯಾದರು. ಮೂವರು ನನಗೇ ಡಿಕ್ಕಿ ಹೊಡೆದು ಸತ್ತರು. ಸಾಯುವವರು ಸುಮ್ಮನೆ ಸಾಯಬಾರದೇ? ಒಬ್ಬೊಬ್ಬಳೂ ನನ್ನ ಒಂದೊಂದು ತೋಳು ಕಿತ್ತುಕೊಂಡೇ ಹೋದಳು. ಉಳಿದ ಮೂರರಲ್ಲಿ ಒಂದರ ಅರ್ಧವನ್ನು ಒಂದು ಕಾಗೆ ರೆಕ್ಕೆಯಿಂದ ಹೊಡೆದು ಮುರಿಯಿತು, ತಿರುಗಿ ಕೂಡ ನೋಡಲಿಲ್ಲ.

ಈ ಊರಿಗೆ ನಾನು ಹೊಸಬಳಲ್ಲ. ಎಷ್ಟೋ ಚಳಿಗಾಲ ಇಲ್ಲಿ ಬಿದ್ದಿದ್ದೇನೆ, ಕಾಲುವೆಯಲ್ಲಿ ಹರಿದಿದ್ದೇನೆ, ಇವರ ಕೊಡ ತುಂಬಿದ್ದೇನೆ. ಮೂರು ತಿಂಗಳ ಹಿಂದೆ ಕುರಿಗಾರ ಕರಮಲಿಯ ಮನೆಯ ಗಡಿಗೆಯಲ್ಲಿ ಕುದಿಯುತ್ತಿದ್ದೆ. ಅವನ ಹೆಂಡತಿ ಗುಲಂದಾಮ್ ಅಂದು ಕಾಳು, ಸೊಪ್ಪು, ಶಾವಿಗೆ ಹಾಕಿ ಆಶ್ ಕಾಯಿಸುತ್ತಿದ್ದಳು. ಕರಮಲಿ ಒಂದು ತುತ್ತು ಬಾಯಿಗಿಟ್ಟವನೇ ಮುಖ ಕಿವುಚಿದ.

"ಏನೇ ಇದು? ನಿಮ್ಮಪ್ಪ ಉಪ್ಪಿನ ಗಣಿ ಏನಾದ್ರೂ ಬರೆದುಕೊಟ್ಟಿದ್ದಾನಾ?"

ಸೌಟು ಬಂದು ಅವನ ಮುಂದಿನ ಹಲ್ಲಿಗೆ ಬಿತ್ತು. ಹಲ್ಲು ಮುರಿಯಿತು. ಅವನು ಸಿಟ್ಟಿನಿಂದ ಗಡಿಗೆಯನ್ನು ಒದ್ದ, ತನ್ನ ಕಾಲನ್ನೇ ಸುಟ್ಟುಕೊಂಡ. ಅವಳು ಚಾದರ ಹೊದ್ದು ಅಪ್ಪನ ಮನೆಗೆ ನಡೆದಳು. ನಾನು ಕೆಂಡದ ಮೇಲೆ ಚೆಲ್ಲಿ, ಉಸ್ಸೆಂದು ಆವಿಯಾಗಿ ಆಕಾಶಕ್ಕೆ ಹೋದೆ. ಗಡಿಗೆಯ ಒಳಗಿದ್ದವಳು ಹೇಳುತ್ತೇನೆ, ಉಪ್ಪು ನಿಜಕ್ಕೂ ಜಾಸ್ತಿಯಾಗಿತ್ತು. ಆದರೆ ನಿಜ ಹೇಳುವುದಕ್ಕೂ ಹೊತ್ತುಗೊತ್ತು ಅಂತ ಒಂದಿದೆ.

ಆಮೇಲೆ ಅವನು ಎಷ್ಟು ಸಲ ಕರೆಯಲು ಹೋದರೂ ಮಾವ ಮಶ್ದಿ ನುಸ್ರತ್ ಬಾಗಿಲು ತೆರೆಯಲಿಲ್ಲ. ಕೊನೆಗೆ ಇಬ್ಬರೂ ಮೊದಲ ಹಿಮವನ್ನು ಕಾಯುತ್ತ ಕುಳಿತರು.

ಮೊದಲ ಹಿಮ ಬಿದ್ದ ದಿನ ಇಲ್ಲಿ ಚೀಟಿ ಕಳಿಸುತ್ತಾರೆ. "ಹಿಮ ನಮ್ಮದು, ಔತಣ ನಿಮ್ಮದು" ಎಂದು ಬರೆದು, ಕೆಳಗೆ ತಮಗೆ ಬೇಕಾದದ್ದನ್ನು ಬರೆದು, ಒಣದ್ರಾಕ್ಷಿಯ ಗಂಟಿನಲ್ಲೋ ಮತ್ತೊಂದರಲ್ಲೋ ಅಡಗಿಸಿ ಎದುರಾಳಿಯ ಕೈಗಿಟ್ಟು ಓಡಬೇಕು. ಹೊಸ್ತಿಲು ದಾಟಿದರೆ ಗೆದ್ದಂತೆ. ಬರೆದದ್ದನ್ನು ಕೊಡದೆ ವಿಧಿಯಿಲ್ಲ. ಒಳಗೇ ಸಿಕ್ಕಿಬಿದ್ದರೆ ಮುಖಕ್ಕೆ ಮಸಿ. ಹಿಮ ಬೀಳದೆಯೇ ಚೀಟಿ ತಂದವನಿಗೆ ಮಸಿಯ ಜೊತೆ ಒದೆ, ಮೇಲೆ ಎದುರಾಳಿ ಕೇಳಿದ್ದನ್ನು ಅವನೇ ಕೊಡಬೇಕು. ಕೊಡುವುದರೊಳಗೆ ಹಿಮ ಬಿದ್ದರೆ ಮಾತ್ರ ಅವನ ಚೀಟಿ ನಿಲ್ಲುತ್ತದೆ. ಮಶ್ದಿಯೂ ಚೀಟಿ ಬರೆದಿಟ್ಟುಕೊಂಡು ದಿನವೂ ಮಾಳಿಗೆ ಹತ್ತಿ ಬೆಟ್ಟ ನೋಡುತ್ತಿದ್ದ. ಅವನು ಬರೆದದ್ದು, ತಲಾಖ್ ಕಾಗದಕ್ಕೆ ಅಳಿಯನ ಹೆಬ್ಬೆಟ್ಟು.

ಅದು ಗೊತ್ತಿದ್ದದ್ದರಿಂದಲೇ ಕರಮಲಿ ಕೆಟ್ಟ. ಆ ಮಧ್ಯಾಹ್ನ ನಮ್ಮ ಹಿರಿಯಕ್ಕ ಒಬ್ಬಳು ಹೇಗೋ ಜೀವ ಹಿಡಿದುಕೊಂಡು ಬಂದು ಅವನ ಮೂಗಿನ ಮೇಲೆ ಬಿದ್ದು ಕರಗಿದಳು. ಒಂದೇ ಒಂದು ಎಸಳು! ಎರಡನೆಯದಕ್ಕೆ ಕಾಯುವ ತಾಳ್ಮೆ ಇವನಿಗಿಲ್ಲ. ಓಡಿದ. ಒಣದ್ರಾಕ್ಷಿಯ ಗಂಟನ್ನು ಮಾವನ ಕೈಗೆ ತುರುಕಿ, ಹೊಸ್ತಿಲು ಹಾರಿ, ಬೀದಿಯಲ್ಲಿ ನಿಂತು ಕೇಕೆ ಹಾಕಿದ.

ಮಶ್ದಿ ಚೀಟಿ ಓದಿದ. "ಗುಲಂದಾಮ್ ಕೈಯ ಆಶ್, ನನ್ನ ಒಲೆಯ ಮೇಲೆ" ಎಂದಿತ್ತು. ಆಮೇಲೆ ತಲೆಯೆತ್ತಿ ಆಕಾಶ ನೋಡಿದ. ನೆಲ ನೋಡಿದ. ಹಲ್ಲು ಕಿರಿದ.

"ಎಲ್ಲೋ ಹಿಮ? ನಿನ್ನ ತಲೇಲಿ ಬಿತ್ತಾ? ಹಿಡ್ಕೊಂಡ್ ಬನ್ರೋ ಇವನ್ನ!"

ಅವನ ಇಬ್ಬರು ಗಂಡುಮಕ್ಕಳು ಕರಮಲಿಯ ಕಾಲು ಹಿಡಿದು ಅಂಗಳಕ್ಕೆ ಎಳೆದು ತಂದರು. ಹಿಪ್ಪುನೇರಳೆ ಮರಕ್ಕೆ ಕಟ್ಟಿದರು. ಬಾಣಲೆಯ ಹಿಂಬದಿಯ ಮಸಿಯನ್ನೆಲ್ಲ ಅವನ ಮುಖಕ್ಕೆ ಬಳಿದರು. ಮಾಳಿಗೆಯ ಹಿಮ ಗುಡಿಸುವ ಮರದ ಸಲಿಕೆಗೆ ಈ ವರ್ಷ ಇನ್ನೂ ಕೆಲಸ ಬಂದಿರಲಿಲ್ಲ. ಅದರ ಹಿಡಿಯಿಂದ ದೊಡ್ಡವನು ಒಂದು ಬಿಟ್ಟ.

"ತಪ್ಪು ತಿಳ್ಕೋಬೇಡಿ ಭಾವ. ಪದ್ಧತಿ," ಅಂದ.

"ಪಕ್ಕೆಗೆ ಹೊಡೀಬೇಕು ಅಂತ್ಲೂ ಪದ್ಧತಿನಾ?"

"ಅದು ನಮ್ಮ ಕಡೆಯಿಂದ," ಅಂದ ಚಿಕ್ಕವನು. ಅವನೂ ಒಂದು ಬಿಟ್ಟ.

ನಾನು ಆಗ ಮಾಳಿಗೆಯ ಎತ್ತರದಲ್ಲಿದ್ದೆ. ನನ್ನ ಮೇಲೆ ಸಾವಿರಾರು ಮಂದಿ ಗಾಳಿಯ ಜೊತೆ ಹೊಡೆದಾಡುತ್ತಿದ್ದರು, ಕೆಳಗೆ ಇವರು. ಗಾಳಿ ನನ್ನ ಕುತ್ತಿಗೆ ಹಿಡಿದು ತಂದೂರಿ ಒಲೆಯ ಹೊಗೆಯ ಕಡೆ ತಳ್ಳಿತು. ಅಲ್ಲಿ ಹೋಗಿದ್ದರೆ ನನ್ನ ಕಥೆ ಮುಗಿದಂತೆ, ಕರಮಲಿಯದೂ. ಉಳಿದ ಎರಡೂವರೆ ತೋಳನ್ನು ಬೀಸಿ ಬೀಸಿ ಒದ್ದಾಡಿದೆ. ಅವನ ಮೇಲೆ ಪ್ರೀತಿಯೇನೂ ಇರಲಿಲ್ಲ, ನನ್ನನ್ನು ಗಡಿಗೆಸಮೇತ ಒದ್ದವನು. ಆದರೆ ಅಕ್ಕ ಸತ್ತದ್ದು ಸುಳ್ಳು ಎಂದು ಇವರೆಲ್ಲ ಹೇಳುತ್ತಿದ್ದರಲ್ಲ, ಅದಕ್ಕೆ ನನಗೆ ಉರಿಯಿತು.

"ಬಿದ್ದಿತ್ತು ಮಾವ! ಮೂಗಿನ ಮೇಲೆ ಬಿದ್ದಿತ್ತು!" ಕರಮಲಿ ಕಿರುಚಿದ.

"ಸಾಕ್ಷಿ?"

"ಕರಗಿಹೋಯ್ತು."

ಬೇಲಿಯಾಚೆ ಸೇರಿದ್ದ ಅಕ್ಕಪಕ್ಕದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಶ್ದಿ ಜೇಬಿನಿಂದ ತನ್ನ ಚೀಟಿಯನ್ನೂ ತಲಾಖ್ ಕಾಗದವನ್ನೂ ತೆಗೆದ. "ಮಸಿ ಹೆಂಗೂ ಬಳಿದಾಗಿದೆ. ಅದೇ ಮಸೀಲಿ ಹೆಬ್ಬೆಟ್ಟು ಒತ್ತಿಬಿಡು."

ಗುಲಂದಾಮ್ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಸೌಟು. ಅವಳ ಮುಖ ಗೋಡೆಯಂತಿತ್ತು, ಏನೂ ತಿಳಿಯುತ್ತಿರಲಿಲ್ಲ.

"ಒಂದು ಹಲ್ಲು ಹೋದ್ರೂ ಬುದ್ಧಿ ಬರ್ಲಿಲ್ಲ ನಿಂಗೆ," ಅಂದಳು.

"ಬಂದಿದೆ ಕಣೇ," ಅಂದ ಕರಮಲಿ. "ಮೂರು ತಿಂಗಳಿಂದ ನಾನೇ ಬೇಯಿಸ್ಕೊಂಡು ತಿಂತಿದೀನಿ. ಉಪ್ಪಿನ ಡಬ್ಬಿ ಎಲ್ಲಿಟ್ಟಿದೀಯ ಅಂತಾನೇ ಗೊತ್ತಿಲ್ಲ. ಸಪ್ಪೆ ತಿಂದು ತಿಂದು ನಾಲಿಗೆ ಸತ್ತುಹೋಗಿದೆ."

ಯಾರೋ ಕಿಸಕ್ಕನೆ ನಕ್ಕರು. ಅವಳು ನಗಲಿಲ್ಲ. ಅಷ್ಟು ಹೊಡೆತಕ್ಕೂ ಅಳದೆ ಇದ್ದ ಅವನ ಕಣ್ಣಲ್ಲಿ ಆಗ ನೀರು ಬಂತು. ಮಸಿಯ ಮೇಲೆ ಗೆರೆ ಎಳೆದುಕೊಂಡು ಇಳಿಯಿತು.

"ಕಣ್ಣೀರಿನ ನಾಟಕ ಬೇರೆ!" ಮಶ್ದಿ ಕೈಯೆತ್ತಿದ.

ಗಾಳಿ ಒಂದು ಉಸಿರು ನಿಂತಿತು. ಅಷ್ಟೇ ಸಾಕಾಯಿತು. ನಾನು ಕಲ್ಲಿನಂತೆ ಬಿದ್ದೆ, ನೇರ ಕರಮಲಿಯ ಕೆನ್ನೆಯ ಮೇಲೆ, ಅವನ ಕಣ್ಣೀರಿನ ಪಕ್ಕದಲ್ಲೇ. ಕಪ್ಪು ಮಸಿಯ ಮೇಲೆ ಬೆಳ್ಳಗೆ ಕುಳಿತೆ. ಅವನಿಗೆ ತಣ್ಣಗೆ ತಗಲಿತು. "ಹಿ..." ಎಂದು ಬಾಯಿ ತೆರೆದ.

ಅಷ್ಟರಲ್ಲಿ ಮಾವನ ಅಂಗೈ ಬಂದು ನನ್ನ ಮೇಲೇ ಬಿತ್ತು. ಛಟೀರೆಂದ ಸದ್ದಿಗೆ ಕಾಗೆಗಳು ಹಾರಿದವು. ಇಷ್ಟು ದೂರ ಬಂದು, ಇಷ್ಟು ಸಾವು ತಪ್ಪಿಸಿಕೊಂಡು, ಒಂದು ಕಪಾಳಮೋಕ್ಷದಲ್ಲಿ ಮುಗಿದೆ. ನಕ್ಕುಬಿಡಬೇಕೆನಿಸಿತು, ನಗಲು ಬಾಯಿ ಉಳಿದಿರಲಿಲ್ಲ.

"ಹಿಮ! ಹಿಮ ಬಿತ್ತು! ನಿಮ್ಮ ಕೈಯಲ್ಲೇ ಇದೆ ನೋಡಿ ಮಾವ!"

ಮಶ್ದಿ ಅಂಗೈ ಬಿಡಿಸಿ ನೋಡಿದ. ಮಸಿಯ ನಡುವೆ ಒಂದು ಹನಿ. ಅವನಿಗೂ ತಣ್ಣಗಾಗಿತ್ತು, ಅವನ ಬೆರಳುಗಳು ಬೆಚ್ಚಿದ್ದು ನನಗೆ ಗೊತ್ತು. ಆದರೂ, "ಕಣ್ಣೀರು," ಅಂದ. "ಎಲ್ಲರೂ ನೋಡಿದ್ದೀರಿ, ಅಳ್ತಾ ಇದ್ದ."

"ಹಿಮ!"

"ಕಣ್ಣೀರು!" ಗಂಡುಮಕ್ಕಳಿಬ್ಬರೂ ಸಲಿಕೆ ಎತ್ತಿದರು.

ಗುಲಂದಾಮ್ ಸೌಟು ಬಿಸಾಡಿ ಅಂಗಳಕ್ಕಿಳಿದಳು. ತಮ್ಮಂದಿರನ್ನು ಎರಡು ಕಡೆಗೆ ತಳ್ಳಿದಳು. ಅಪ್ಪನ ಮಣಿಕಟ್ಟು ಹಿಡಿದಳು.

"ಕೈ ಬಿಡು, ಮಗಳೇ."

"ಸುಮ್ನಿರಪ್ಪ. ಹಿಮಕ್ಕೆ ಉಪ್ಪಿರಲ್ಲ. ಕಣ್ಣೀರಿಗೆ ಇರತ್ತೆ."

ಬಗ್ಗಿ, ಅಪ್ಪನ ಅಂಗೈಯಿಂದ ನನ್ನನ್ನು ನೆಕ್ಕಿದಳು. ಕರಮಲಿ ಕಣ್ಣು ಮುಚ್ಚಿಕೊಂಡಿದ್ದ. ಅವಳು ನಾಲಗೆಯನ್ನು ಅಂಗುಳಕ್ಕೆ ಒತ್ತಿ, ಅಡುಗೆ ರುಚಿ ನೋಡುವವಳ ಹಾಗೆ ಒಂದು ಗಳಿಗೆ ನಿಂತಳು.

"ಉಪ್ಪಿಲ್ಲ," ಅಂದಳು. ಹಗ್ಗದ ಗಂಟಿಗೆ ಕೈ ಹಾಕಿದಳು.

ನಾನು ಅವಳ ನಾಲಗೆಯ ಮೇಲೇ ಇದ್ದೆ. ಅವನ ಕಣ್ಣೀರೂ ನನ್ನ ಜೊತೆ ಕಲಸಿಕೊಂಡು ಬಂದಿತ್ತು. ಅವತ್ತಿನ ಆಶ್‌ಗಿಂತ ಒಂದು ಚಿಟಿಕೆ ಹೆಚ್ಚೇ ಉಪ್ಪಿತ್ತು.